ಬೆಳೆಯುವ ದವಡೆ

ಮಗಳ ಮದುವೆಯ ಮಾತುಕತೆ ಶುರುವಾದಾಗ ಅವಳ ಹಲ್ಲು ನೆನಪಾಗುವ ಮನೆಗಳು ನಮ್ಮಲ್ಲಿ ಇನ್ನೂ ಬೇಕಾದಷ್ಟಿವೆ. ‘ಸ್ವಲ್ಪ ಉಬ್ಬು, ಕ್ಲಿಪ್ ಹಾಕಿಸಿಬಿಡೋಣ’ ಎಂದು ಇಪ್ಪತ್ತೆರಡರ ಹುಡುಗಿಯನ್ನು ದಂತವೈದ್ಯರ ಮುಂದೆ ಕೂರಿಸುತ್ತಾರೆ. ಅದೇ ಹುಡುಗಿಗೆ ಎಂಟೋ ಒಂಬತ್ತೋ ಆಗಿದ್ದಾಗ ಕೆಳದವಡೆ ಹಿಂದೆ ಉಳಿಯುತ್ತಿದ್ದುದನ್ನು ಮನೆಯವರು ನೋಡಿಯೇ ಇರುತ್ತಾರೆ. ‘ಹಲ್ಲು ಪೂರ್ತಿ ಬೀಳಲಿ, ಆಮೇಲೆ ನೋಡಿದರಾಯ್ತು’ ಎಂದು ಸುಮ್ಮನಾಗಿರುತ್ತಾರೆ. ಈ ‘ಆಮೇಲೆ’ಯ ಬಗ್ಗೆ ನನಗೆ ಬಹಳ ಸಂಕಟವಿದೆ.

ಹಲ್ಲು ಯಾವ ವಯಸ್ಸಿನಲ್ಲೂ ಸರಿಯುತ್ತದೆ. ಬೇರಿಗೂ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪದರವಿದೆ. ತಂತಿ ಹಗುರವಾಗಿ ಒತ್ತುತ್ತಾ ಹೋದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ 1 ಮಿ.ಮೀ. ವಸಡು ಗಟ್ಟಿಯಾಗಿದ್ದರೆ ನಲವತ್ತರಲ್ಲೂ ಕ್ಲಿಪ್ ಹಾಕಿಸಿಕೊಳ್ಳಬಹುದು. ದವಡೆ ಮಾತ್ರ ಮಾತು ಕೇಳುವುದು ಬೆಳೆಯುವ ವರ್ಷಗಳಲ್ಲಿ.

ಮೇಲ್ದವಡೆ ಇಕ್ಕಟ್ಟಾಗಿದೆ ಅನ್ನಿ. ಅಂಗುಳಿನ ನಟ್ಟನಡುವೆ ಎರಡು ಮೂಳೆಗಳು ಸೇರುವ ಗೆರೆ ಮಕ್ಕಳಲ್ಲಿ ಇನ್ನೂ ಬೆಸೆದಿರುವುದಿಲ್ಲ. ಅಲ್ಲಿ ಸಣ್ಣ ಸ್ಕ್ರೂ ಇರುವ ಸಾಧನವೊಂದನ್ನು ಕೂರಿಸಿ ಬೀಗದ ಕೈಯಂಥ ಕಡ್ಡಿ ಕೊಟ್ಟು ಕಳಿಸುತ್ತಾರೆ. ರಾತ್ರಿ ಊಟವಾದ ಮೇಲೆ ಅಮ್ಮ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪ ಮೊಬೈಲ್ ಟಾರ್ಚ್ ಹಿಡಿದು, ಸ್ಕ್ರೂವನ್ನು ಒಮ್ಮೆ ತಿರುಗಿಸಬೇಕು. ಒಂದು ತಿರುವಿಗೆ ಸುಮಾರು ಕಾಲು ಮಿಲಿಮೀಟರ್. ಕೆಲವು ದಿನಗಳಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬೀಳುತ್ತದೆ. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡುವವರಿದ್ದಾರೆ. ಅಂಗುಳು ಅಗಲವಾಗುತ್ತಿದೆ ಎನ್ನುವುದಕ್ಕೆ ಆ ಸಂದೇ ಸಾಕ್ಷಿ, ನಿಧಾನವಾಗಿ ಅದು ಮುಚ್ಚಿಕೊಳ್ಳುತ್ತದೆ. ಹದಿಹರೆಯ ಕಳೆಯುವ ಹೊತ್ತಿಗೆ ಆ ಗೆರೆ ಗಟ್ಟಿಯಾಗಿ, ಇಷ್ಟು ಸರಳ ಉಪಾಯ ಕೈತಪ್ಪುತ್ತದೆ.

ಕೆಳದವಡೆ ಹಿಂದುಳಿದ ಮಕ್ಕಳಿಗೆ ‘ಟ್ವಿನ್ ಬ್ಲಾಕ್’ ಎಂಬ ಜೋಡಿ ಪ್ಲೇಟುಗಳಿವೆ. ಬಾಯಿ ಮುಚ್ಚಿದಾಗಲೆಲ್ಲ ಕೆಳದವಡೆ ಮುಂದೆ ಬಂದು ನಿಲ್ಲುವಂತೆ ಮಾಡುತ್ತವೆ. ಮಗು ಸರಸರನೆ ಎತ್ತರಕ್ಕೆ ಬೆಳೆಯುವ ವರ್ಷಗಳೇ ಇದಕ್ಕೆ ಹದ. ಮೇಲ್ದವಡೆಯೇ ಹಿಂದಿದ್ದರೆ ಮುಖಕ್ಕೆ ಹಾಕುವ ಸಾಧನದಿಂದ ಮುಂದೆಳೆಯುತ್ತಾರೆ, ಅದನ್ನು ಇನ್ನೂ ಬೇಗ ಶುರುಮಾಡಬೇಕು. ಬೆಳವಣಿಗೆ ಮುಗಿದ ಮೇಲೆ ದವಡೆಯ ದೊಡ್ಡ ವ್ಯತ್ಯಾಸಕ್ಕೆ ಉಳಿಯುವ ದಾರಿ ಮುಖ್ಯವಾಗಿ ಎರಡು: ಕೋರೆಹಲ್ಲಿನ ಹಿಂದಿನ ಹಲ್ಲು ಕೀಳಿಸಿ, ಉಳಿದವನ್ನು ಸರಿಸಿ ವ್ಯತ್ಯಾಸ ಕಾಣದಂತೆ ಮಾಡುವುದು, ಇಲ್ಲವೇ ದವಡೆಯ ಮೂಳೆಯನ್ನೇ ಕತ್ತರಿಸಿ ಜರುಗಿಸುವ ಶಸ್ತ್ರಚಿಕಿತ್ಸೆ. ಈಗ ಎಲ್ಲರೂ ಕೇಳುವ ಪಾರದರ್ಶಕ ಅಲೈನರ್ ದಿನಕ್ಕೆ 20–22 ಗಂಟೆ ಬಾಯಲ್ಲಿದ್ದರೆ ಹಲ್ಲನ್ನು ಚೆನ್ನಾಗಿಯೇ ಸರಿಸುತ್ತದೆ. ಬೆಳೆದು ನಿಂತ ದವಡೆಯನ್ನು ಮುಂದೆ ತರುವ ಶಕ್ತಿ ಅದಕ್ಕಿಲ್ಲ.

ಮೇಲಿನ, ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುವುದರಲ್ಲಿ ಆರನೇ ವರ್ಷದ ದವಡೆಹಲ್ಲಿನ ಪಾಲು ದೊಡ್ಡದು. ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ಹಲ್ಲು ಅದು. ಅಮೆರಿಕದ ದಂತವೈದ್ಯ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಕಚ್ಚಿನ ದೋಷಗಳನ್ನು ಮೂರು ವರ್ಗ ಮಾಡಿದ್ದು ಈ ಹಲ್ಲನ್ನೇ ಆಧಾರವಾಗಿಟ್ಟುಕೊಂಡು. ವೈದ್ಯರು ಇಂದಿಗೂ ಮಗುವಿನ ಕೆನ್ನೆ ಸರಿಸಿ ಮೊದಲು ನೋಡುವುದು ಅದನ್ನೇ. ನಮ್ಮ ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕಿಗೆ ಬಿಡುತ್ತಾರೆ. ಅದರ ಮುಂದಿನ ಹಾಲುಹಲ್ಲನ್ನು ಬೇಗ ಕೀಳಿಸಿದರೂ ಕಷ್ಟವೇ. ಆರನೇ ವರ್ಷದ ಹಲ್ಲು ಮುಂದಕ್ಕೆ ವಾಲಿ, ಅಲ್ಲಿ ಬರಬೇಕಾದ ಹಲ್ಲಿಗೆ ಜಾಗ ಇಲ್ಲದಂತಾಗುತ್ತದೆ. ಕಿತ್ತ ಜಾಗ ಕಾಯಲು ಸಣ್ಣ ತಂತಿಯ ಸಾಧನವೊಂದಿದೆ. ಕೀಳಿಸುವ ದಿನವೇ ಅದರ ಬಗ್ಗೆ ಕೇಳಿ.

ಅಮೆರಿಕದ ವಕ್ರದಂತ ತಜ್ಞರ ಸಂಘ ಏಳು ವರ್ಷದೊಳಗೆ ಒಮ್ಮೆ ತೋರಿಸಿ ಎನ್ನುತ್ತದೆ. ಆಗ ತೋರಿಸಿದ ಬಹಳಷ್ಟು ಮಕ್ಕಳಿಗೆ ಚಿಕಿತ್ಸೆಯೇನೂ ಬೇಕಿರುವುದಿಲ್ಲ, ಆಗಾಗ ಬಂದು ಹೋದರೆ ಸಾಕು. ಮನೆಯಲ್ಲೂ ನೋಡಬಹುದು. ‘ಹಲ್ಲು ತೋರಿಸು’ ಎಂದರೆ ಮಕ್ಕಳು ಮುಂದಿನ ಹಲ್ಲಿನ ಅಂಚಿಗೆ ಅಂಚು ಕೂಡಿಸಿ ಕಿರಿಯುತ್ತಾರೆ, ಅದರಿಂದ ಏನೂ ತಿಳಿಯದು. ‘ಎಂಜಲು ನುಂಗು, ಹಿಂದಿನ ಹಲ್ಲು ಕಚ್ಚು’ ಎಂದು ಹೇಳಿ ತುಟಿ ಎತ್ತಿ. ಮೇಲಿನ ಹಲ್ಲುಗಳು ಸುತ್ತಲೂ ಕೆಳಗಿನವುಗಳ ಹೊರಗಿರಬೇಕು. ಒಂದು ಕಡೆಯಾದರೂ ಒಳಗೆ ಬಿದ್ದಿದ್ದರೆ, ಮುಂದೆ ಕಚ್ಚಿದಾಗ ನಾಲಿಗೆ ತೂರುವಷ್ಟು ಜಾಗ ಉಳಿದರೆ, ಮಗು ಬಾಯಿ ತೆರೆದೇ ಮಲಗುತ್ತಿದ್ದರೆ ತಡಮಾಡಬೇಡಿ. ನಾಲ್ಕು ದಾಟಿದ ಮೇಲೂ ಬೆರಳು ಚೀಪುವುದು ಬಿಡದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ತಂತಿ ತೆಗೆದ ಮೇಲೆ ಕೊಡುವ ರಿಟೇನರ್ ಬಗ್ಗೆಯೂ ಹೇಳಬೇಕು. ವಸಡಿನ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ, ಅದನ್ನು ತಡೆಯುವುದೇ ರಿಟೇನರ್ ಕೆಲಸ. ಪರೀಕ್ಷೆ, ಹಾಸ್ಟೆಲ್ ಎಂದು ಅದು ಡಬ್ಬಿಯಲ್ಲೇ ಉಳಿದರೆ, ಕೆಲವೇ ತಿಂಗಳಲ್ಲಿ ಆ ರಿಟೇನರ್ ಬಾಯಿಗೆ ಕೂರದಂತಾಗುತ್ತದೆ.