ಕೇಳುವವನೇ ಶ್ರಾವಕ

ಭಗವಾನ್ ಮಹಾವೀರ ಸ್ವಾಮಿಗೆ ವೈಶಾಖ ಶುಕ್ಲ ದಶಮಿಯಂದು ಋಜುಕೂಲಾ ನದಿಯ ತೀರದಲ್ಲಿ ಕೇವಲಜ್ಞಾನವು ಉಂಟಾಯಿತು. ಇಂದ್ರನ ಆಜ್ಞೆಯಂತೆ ಸಮವಸರಣವು ರಚಿತವಾಯಿತು. ದೇವತೆಗಳು ಬಂದರು, ಮನುಷ್ಯರು ಬಂದರು, ಪಶುಪಕ್ಷಿಗಳೂ ಬಂದು ಕುಳಿತವು. ಆದರೆ ಸ್ವಾಮಿಯ ದಿವ್ಯಧ್ವನಿಯು ಹೊರಡಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, 66 ದಿನಗಳವರೆಗೆ ಹೊರಡಲಿಲ್ಲ. ಆ ವಾಣಿಯನ್ನು ಗ್ರಹಿಸಿ, ಧರಿಸಿ, ಇತರರಿಗೆ ತಿಳಿಸಬಲ್ಲ ಗಣಧರನು ಅಲ್ಲಿ ಇರಲಿಲ್ಲವೆಂದು ದಿಗಂಬರ ಪರಂಪರೆಯು ಇದರ ಕಾರಣವನ್ನು ಹೇಳುತ್ತದೆ. ವಾದದಲ್ಲಿ ಗೆಲ್ಲುವ ಹುಮ್ಮಸ್ಸಿನಿಂದ ಬಂದ ಇಂದ್ರಭೂತಿ ಗೌತಮನು ಮಾನಸ್ತಂಭವನ್ನು ಕಂಡೊಡನೆ ಗರ್ವವನ್ನು ಕಳೆದುಕೊಂಡು ಶಿಷ್ಯನಾದನು. ಆಗ ವಿಪುಲಾಚಲದ ಮೇಲೆ ದಿವ್ಯಧ್ವನಿಯು ಮೊಳಗಿತು. ಕನ್ನಡ ನಾಡಿನ ಪಂಚಾಂಗದ ಪ್ರಕಾರ ಅದು ಆಷಾಢ ಬಹುಳ ಪಾಡ್ಯ, ವೀರಶಾಸನ ಜಯಂತಿಯ ದಿನ.

ಸರ್ವಜ್ಞನ ವಾಣಿಯೂ ಯೋಗ್ಯನಾದ ಕೇಳುಗನಿಗಾಗಿ ಕಾದಿತೆಂದ ಮೇಲೆ, ಅಲ್ಪಜ್ಞರಾದ ಸಂಸಾರಿಗಳ ಮಾತಿನ ಪಾಡೇನು? ಗೃಹಸ್ಥನಿಗೆ ಜಿನಶಾಸನವು ಕೊಟ್ಟ ಹೆಸರು ‘ಶ್ರಾವಕ’. ಶ್ರವಣ ಮಾಡುವವನು, ಅಂದರೆ ಕೇಳುವವನು ಎಂಬುದೇ ಅದರ ಅರ್ಥ. ಹೇಳುವವನೆಂದಾಗಲಿ, ವಾದಿಸುವವನೆಂದಾಗಲಿ ಆತನನ್ನು ಕರೆದಿಲ್ಲ. ಗುರುವಿನ ಮುಂದೆ ತೆರೆದ ಕಿವಿಯು ಮನೆಯೊಳಗೆ, ಓಣಿಯೊಳಗೆ, ಹೊಲದ ಬದುವಿನ ಮೇಲೆ ಮುಚ್ಚಿಕೊಂಡರೆ ಆ ಹೆಸರು ಅರ್ಧವಷ್ಟೇ ಸಾರ್ಥಕವಾದೀತು.

ಸಮವಸರಣದಲ್ಲಿ 12 ಸಭೆಗಳು. ದಿವ್ಯಧ್ವನಿಯನ್ನು ಅಲ್ಲಿ ಪ್ರತಿಯೊಂದು ಜೀವವೂ ತನ್ನ ತನ್ನ ಭಾಷೆಯಲ್ಲಿಯೇ ತಿಳಿದುಕೊಂಡಿತು. ಹುಲಿಯೂ ಹರಿಣವೂ ವೈರವನ್ನು ಮರೆತು ಕುಳಿತವು. ಕೇಳುವಾಗ ವೈರವಿಲ್ಲ ಎಂಬುದು ಇದರ ತಾತ್ಪರ್ಯ. ಮುಂದೆ ಶ್ರೇಣಿಕ ಮಹಾರಾಜನು ಪ್ರಶ್ನೆ ಮಾಡಿದನು, ಗೌತಮ ಗಣಧರರು ಕಥೆಯನ್ನು ಹೇಳಿದರು. ಜೈನ ಪುರಾಣಗಳು ಬಹುಮಟ್ಟಿಗೆ ಈ ಪ್ರಶ್ನೋತ್ತರದ ಚೌಕಟ್ಟಿನಲ್ಲಿಯೇ ನಿಂತಿವೆ. ಸ್ವಾಧ್ಯಾಯದ ಐದು ಅಂಗಗಳಾದ ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶಗಳಲ್ಲಿ ಪೃಚ್ಛನೆ, ಅಂದರೆ ಕೇಳಿ ತಿಳಿದುಕೊಳ್ಳುವುದು, ಎರಡನೆಯದು, ಉಪದೇಶವು ಕಟ್ಟಕಡೆಯದು. ಇಂದಿನ ಮನೆಗಳಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಉಪದೇಶವು ಮೊದಲು ಬರುತ್ತದೆ, ಪ್ರಶ್ನೆಯು ಬರುವುದೇ ಇಲ್ಲ.

ಕಥೆಯ ಶಕ್ತಿಯನ್ನು ತಿಳಿಯಬೇಕಾದರೆ ಮಾರಿದತ್ತನ ವೃತ್ತಾಂತವನ್ನು ನೆನೆಯಬೇಕು. ಜನ್ನ ಕವಿಯು 1209ರಲ್ಲಿ ಬರೆದ ‘ಯಶೋಧರ ಚರಿತೆ’ಯು ಕನ್ನಡ ನಾಡಿನ ಶ್ರಾವಕರಿಗೆ ಚಿರಪರಿಚಿತ. ಮಾರಿಗೆ ಬಲಿ ಕೊಡಲೆಂದು ಹಿಡಿತಂದ ಬಾಲಕ ಅಭಯರುಚಿ ಮತ್ತು ಆತನ ತಂಗಿ ಅಭಯಮತಿ ರಾಜನ ಮುಂದೆ ನಿಂತಿದ್ದಾರೆ. ರಾಜನ ಕೈಯಲ್ಲಿ ಕತ್ತಿ. ಆ ಮಕ್ಕಳ ಶಾಂತ ಮುಖವನ್ನು ಕಂಡು ರಾಜನು ನೀವು ಯಾರು ಎಂದು ಕೇಳಿದನು. ಆ ಒಂದು ಪ್ರಶ್ನೆಯಿಂದ ಕತ್ತಿಯು ತಡೆಯಿತು. ಬಾಲಕನು ರಾಜನನ್ನು ನಿಂದಿಸಲಿಲ್ಲ, ಪ್ರಾಣಭಿಕ್ಷೆಯನ್ನೂ ಬೇಡಲಿಲ್ಲ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಯಿಂದ ತಾವು ಜನ್ಮಜನ್ಮಾಂತರದಲ್ಲಿ ಪಟ್ಟ ಪಾಡನ್ನು ಮಾತ್ರ ಹೇಳಿದನು. ಕಥೆಯು ಮುಗಿಯುವಷ್ಟರಲ್ಲಿ ಕೊಲ್ಲಬೇಕೆಂದವನು ಹಿಂಸೆಯನ್ನೇ ತೊರೆದನು. ಜೀವದಯಾಷ್ಟಮಿಯ ನೋಂಪಿಗೆ ಈ ಕಥೆಯು ಸೇರಿರುವುದು ಸಹಜವಾಗಿಯೇ ಇದೆ. ಆದರೆ ಇಲ್ಲಿ ಮತ್ತೊಂದು ಸೂಕ್ಷ್ಮವುಂಟು. ಕೇಳುವುದೆಂದರೆ ಒಪ್ಪುವುದಲ್ಲ. ರಾಜನ ಬಲಿಯನ್ನು ಬಾಲಕನು ಒಂದು ಕ್ಷಣವೂ ಒಪ್ಪಲಿಲ್ಲ. ಅಧರ್ಮವನ್ನು ಒಪ್ಪದೆಯೂ ಅಧರ್ಮಿಯೊಡನೆ ಮಾತನಾಡಬಹುದೆಂಬುದನ್ನು ಆತನು ತೋರಿಸಿಕೊಟ್ಟನು.

ಗದಗದ ಸೀಮೆಗೆ ಈ ಪಾಠವು ಹೊಸದಲ್ಲ. ಮುಳುಗುಂದದ ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದನು. ಸಮ್ಯಗ್ದರ್ಶನ, ಅದರ ಎಂಟು ಅಂಗಗಳು, ಐದು ಅಣುವ್ರತಗಳು, ಹೀಗೆ 14 ವಿಷಯಗಳಿಗೆ 14 ಕಥೆಗಳು. ವ್ರತದ ಲಕ್ಷಣವನ್ನು ಸೂತ್ರರೂಪದಲ್ಲಿ ಹೇಳಿ ಆತನು ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಸಂಸ್ಕೃತವನ್ನು ಕನ್ನಡದಲ್ಲಿ ಸಲ್ಲದಂತೆ ಬೆರೆಸುವವರನ್ನು ಆಕ್ಷೇಪಿಸಿ, ಒಕ್ಕಲಿಗನಿಗೂ ಒಪ್ಪುವ ಹೋಲಿಕೆಗಳನ್ನು ಸಾಲುಸಾಲಾಗಿ ತಂದು, ಕೇಳುವವರ ನುಡಿಯಲ್ಲಿ ಕಥೆ ಹೇಳಿದನು. ಎದುರಿನವರ ಭಾಷೆಯಲ್ಲಿ ಮಾತನಾಡುವುದೂ ಒಂದು ಬಗೆಯ ದಯೆಯೇ.

ಇದೇ ನೆಲವು ಮಾತು ತಪ್ಪಿದಾಗಿನ ದುಃಖವನ್ನೂ ಕಂಡಿದೆ. ನರಗುಂದದ ಕಪ್ಪದ ವಿಷಯದಲ್ಲಿ ಹುಟ್ಟಿದ ವಿವಾದವು ಬೆಳೆದು, 1785ರಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಆ ಕೋಟೆಯನ್ನು ಹಿಡಿಯಿತು. ಮುಂದೆ ಮರಾಠರಿಗೂ ಆತನಿಗೂ ಯುದ್ಧವಾಯಿತು. ಕಡೆಗೆ 1787ರಲ್ಲಿ ಗಜೇಂದ್ರಗಡದ ಒಪ್ಪಂದದಿಂದ ಅದು ನಿಂತಿತು. ನರಗುಂದದಲ್ಲಿ ಕೆಟ್ಟ ಮಾತು ಗಜೇಂದ್ರಗಡದಲ್ಲಿ ಕೂಡಿಬರಬೇಕಾದರೆ ನಡುವೆ ಎಷ್ಟು ಜೀವಗಳು ಹೋಗಬೇಕಾಯಿತು! 1980ರ ಜುಲೈ 21ರಂದು ಮತ್ತೆ ನರಗುಂದದಲ್ಲಿಯೇ, ಮಲಪ್ರಭಾ ಅಚ್ಚುಕಟ್ಟಿನ ಕರಭಾರದಿಂದ ನೊಂದ ರೈತರ ಚಳವಳಿಯು ಗೋಲೀಬಾರಿನಲ್ಲಿ, ಜೀವಹಾನಿಯಲ್ಲಿ ಕೊನೆಗೊಂಡಿತು. ಗೋಳನ್ನು ಹೊತ್ತಿಗೆ ಸರಿಯಾಗಿ ಕೇಳುವ ಕಿವಿ ಇಲ್ಲದಿದ್ದರೆ ಗೋಳು ಕೂಗಾಗುತ್ತದೆ, ಕೂಗು ಕಲ್ಲಾಗುತ್ತದೆ. ರಾಜ್ಯಕ್ಕೆ ಅನ್ವಯಿಸುವ ಈ ನ್ಯಾಯವು ಮನೆಗೂ ಅನ್ವಯಿಸುತ್ತದೆ.

ರೋಣದ ಕಡೆಯ ಎರೆಹೊಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಇದ್ದಾರೆಂದು ಭಾವಿಸೋಣ. ನಡುವಿನ ಬದುವಿನ ವಿಷಯದಲ್ಲಿ ಮಾತು ಬಿಟ್ಟು ಏಳು ವರ್ಷಗಳಾಗಿವೆ. ಅಣ್ಣನು ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ತಪ್ಪಿಸಿದವನಲ್ಲ; ತಮ್ಮನು ಪೂಜೆಯನ್ನು ಬಿಟ್ಟವನಲ್ಲ. ಬಸದಿಯಲ್ಲಿ ಇಬ್ಬರೂ ಒಂದೇ ಗಂಧೋದಕವನ್ನು ಹಣೆಗೆ ಹಚ್ಚಿಕೊಳ್ಳುತ್ತಾರೆ. ಹೊರಗೆ ಬಂದೊಡನೆ ಮುಖ ತಿರುವುತ್ತಾರೆ. ಉಪವಾಸದ ದಿನ ಅಣ್ಣನು ಮೌನದಿಂದ ಇರುತ್ತಾನೆ. ಆದರೆ ಮೌನ ಬೇರೆ, ಮುನಿಸು ಬೇರೆ. ಮೌನವು ವಚನಗುಪ್ತಿ, ಅದು ಕಷಾಯವನ್ನು ಕುಗ್ಗಿಸುತ್ತದೆ. ಮುನಿಸು ಬಾಯಿ ಮುಚ್ಚಿದ ಕ್ರೋಧ. ಅದು ಒಳಗೊಳಗೇ ಕಷಾಯವನ್ನು ಕುದಿಸುತ್ತದೆ. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದು. ಒಡಹುಟ್ಟಿದವನ ಹೆಸರು ಕೇಳಿದೊಡನೆ ಉರಿಯುವ ಮನಸ್ಸು ಅನ್ನವನ್ನು ಬಿಟ್ಟ ಮಾತ್ರಕ್ಕೆ ಆತ್ಮನ ಸಮೀಪಕ್ಕೆ ಬರಲಾರದು.

ಉಪವಾಸದ ದಿನ ವಿಕಥೆಯು ಸಲ್ಲದೆಂದು ಆಚಾರ್ಯರು ಹೇಳಿದ್ದಾರೆ. ಪಾರಣೆಗೆ ಏನು ಅಡಿಗೆಯೆಂದು ಮಧ್ಯಾಹ್ನದಿಂದಲೇ ಮಾತು ತೆಗೆದರೆ ಅದು ಭಕ್ತಕಥೆ. ಪಕ್ಕದ ಮನೆಯ ಸೊಸೆಯ ಮೇಲಿನ ದೂರು ಅದಕ್ಕಿಂತಲೂ ಕೀಳು. ಇಬ್ಬರ ಏಕಾಂತದ ಸಂಗತಿಯನ್ನು ಹೊರಗೆಡಹುವ ರಹೋಭ್ಯಾಖ್ಯಾನ, ಮನಸ್ಸಿನ ಗುಟ್ಟನ್ನು ಊಹಿಸಿ ಸಾರುವ ಸಾಕಾರಮಂತ್ರಭೇದ, ಇವೆರಡೂ ಸತ್ಯಾಣುವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ಹೇಳಿದ್ದು ಸುಳ್ಳಲ್ಲದಿದ್ದರೂ ವ್ರತಕ್ಕೆ ಮಲಿನತೆಯು ತಪ್ಪದು. ನಂಬಿ ಹೇಳಿದ ಮಾತನ್ನು ಕಾಪಾಡುವವನಷ್ಟೇ ನಿಜವಾಗಿ ಕೇಳಿದವನು. ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳೂ ಇದನ್ನೇ ಕಲಿಸುತ್ತವೆ: ಕ್ರೋಧ, ಲೋಭ, ಭಯ, ಹಾಸ್ಯಗಳನ್ನು ತೊರೆಯುವುದು, ವಿಚಾರಪೂರ್ವಕವಾಗಿ ನುಡಿಯುವುದು.

ಭಾದ್ರಪದದ ದಶಲಕ್ಷಣ ಪರ್ವವು ಶುಕ್ಲ ಪಂಚಮಿಯಂದು ಉತ್ತಮ ಕ್ಷಮೆಯಿಂದ ಆರಂಭವಾಗಿ ಚತುರ್ದಶಿಗೆ ಮುಗಿಯುತ್ತದೆ. ಬಹುಳ ಪಾಡ್ಯದಂದು ಕ್ಷಮಾವಾಣಿ. ಅಂದು ಬಸದಿಯಲ್ಲಿ ಎಲ್ಲರಿಗೂ ಕೈಮುಗಿಯುವುದು ಸುಲಭ. ಮನಸ್ತಾಪವಿರುವ ಒಬ್ಬನ ಹೊಸ್ತಿಲಿಗೆ ಹೋಗುವುದು ಕಠಿನ. ಆ ಅಣ್ಣನು ಹತ್ತು ದಿನಗಳ ವ್ರತವನ್ನು ಮುಗಿಸಿ ತಮ್ಮನ ಮನೆಗೆ ಹೋಗಲಿ. ‘ತಪ್ಪಾಗಿದ್ದರ ಕ್ಷಮಿಸು’ ಎಂದಷ್ಟೇ ಹೇಳಿ ಹಿಂದಿರುಗದಿರಲಿ. ಕುಳಿತುಕೊಳ್ಳಲಿ. ‘ತಮ್ಮಾ, ಆ ವರ್ಷ ಏನಾತು, ನೀನ ಹೇಳು, ನಾ ಕೇಳತೀನಿ’ ಎನ್ನಲಿ. ತಮ್ಮನು ಹೇಳುವಾಗ ನಡುವೆ ಬಾಯಿ ಹಾಕದಿರಲಿ. ಮಳೆ ಕೈಕೊಟ್ಟ ಆ ವರ್ಷ ತಮ್ಮನ ಮನೆಯಲ್ಲಿ ಮಗು ಹಾಸಿಗೆ ಹಿಡಿದಿತ್ತೆಂಬುದು, ಬದುವನ್ನು ಒತ್ತಿದ್ದು ದುರಾಸೆಯಿಂದಲ್ಲ, ಸಾಲದ ಭಯದಿಂದ ಎಂಬುದು ಆಗ ತಿಳಿದೀತು. ಬದುವು ಒತ್ತುವರಿಯಾದದ್ದು ತಪ್ಪೇ, ಅಳೆದು ಸರಿಪಡಿಸಲೇಬೇಕು. ಆದರೆ ಅಳತೆಯ ಹಗ್ಗವನ್ನು ಇಬ್ಬರೂ ಕೂಡಿ ಹಿಡಿಯಬಹುದು. ಇದೇ ಸ್ಯಾದ್ವಾದದ ಗೃಹಸ್ಥರೂಪ. ತನ್ನ ನೋಟವು ನಿಜ, ಆದರೆ ಪೂರ್ಣವಲ್ಲ. ಉಳಿದ ಅಂಶವು ಎದುರಿನವನ ಬಾಯಲ್ಲಿದೆ.

ಶ್ರಾವಕ ಶ್ರಾವಿಕೆಯರು ಬರುವ ಅಷ್ಟಮಿಯಂದು ಉಪವಾಸದೊಡನೆ ಮತ್ತೊಂದು ಸಂಕಲ್ಪವನ್ನು ಮಾಡಲಿ. ಮನೆಯಲ್ಲಿ ಯಾರ ಮಾತಿಗೆ ಇಷ್ಟು ದಿನ ಬೆಲೆ ಸಿಕ್ಕಿಲ್ಲವೋ ಅವರ ಬಳಿ, ಅಜ್ಜಿಯೇ ಆಗಲಿ, ಸೊಸೆಯೇ ಆಗಲಿ, ಚಿಕ್ಕ ಮಗುವೇ ಆಗಲಿ, ಒಂದು ಗಳಿಗೆ ಕುಳಿತು ಕೇಳಲಿ. ರಾತ್ರಿ ದೀಪದ ಮುಂದೆ ನೋಂಪಿಯ ಕಥೆಯನ್ನು ಒಬ್ಬರು ಓದಲಿ, ಎಲ್ಲರೂ ಕೇಳಲಿ, ಮಕ್ಕಳು ಪ್ರಶ್ನೆ ಮಾಡಲಿ. ಕೇಳುಗನಿಗಾಗಿ 66 ದಿನ ಕಾದ ಆ ವಾಣಿಯು ಅಂತಹ ಮನೆಯಲ್ಲಿ ಕಾಯಬೇಕಾಗಿ ಬಾರದು.