ನೆರೆಯವರನ್ನು ಅರಿಯಲು ಪದವಿ ಬೇಕೇ?



ಮೊನ್ನೆ ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬರುತ್ತಿದ್ದಾಗ ಹೊಳಲ್ಕೆರೆ ಕಡೆಯ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿದರು. ಅವರ ಮಗಳು ಬಿ.ಎ. ಮುಗಿಸಿದ್ದಾಳೆ. ಮನೆಯವರು ಬಿ.ಎಡ್. ಮಾಡು ಎಂದರೆ ಅವಳು ಬೆಂಗಳೂರಿಗೆ ಹೋಗಿ ದೈವಶಾಸ್ತ್ರ ಓದುತ್ತೇನೆ, ಆಮೇಲೆ ಪ್ರೇಷಿತಕಾರ್ಯದ ವಿಷಯದಲ್ಲಿ ಉನ್ನತ ಅಧ್ಯಯನ ಮಾಡುತ್ತೇನೆ ಎನ್ನುತ್ತಾಳಂತೆ. ತಾಯಿ ಕೇಳಿದರು: “ಮೇಷ್ಟ್ರೇ, ಪಕ್ಕದ ಮನೆಯೋರ ಕಷ್ಟಸುಖಕ್ಕೆ ಆಗೋದಕ್ಕೂ ಡಿಗ್ರಿ ಬೇಕಾ? ಯೇಸುಸ್ವಾಮಿಯ ಶಿಷ್ಯರು ಯಾವ ಕಾಲೇಜಿಗೆ ಹೋಗಿದ್ರು?”

ನಾನು ನಕ್ಕು ಏನೋ ಒಂದು ಉತ್ತರ ಹೇಳಿ ಮನೆಗೆ ಬಂದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಬಂದಿತು. ಅದು ಫೀಸಿನ ಪ್ರಶ್ನೆಯಷ್ಟೇ ಅಲ್ಲ, ನಮ್ಮ ವಿಶ್ವಾಸದ ಪ್ರಶ್ನೆ. ಇನ್ನೊಬ್ಬರ ನಡೆ, ನುಡಿ, ನಂಬಿಕೆಗಳನ್ನು ನಾವು ಯಾಕೆ ಕಲಿಯಬೇಕು? ಪ್ರೀತಿಯೊಂದೇ ಸಾಲದೇ?

ಮೊದಲು ಈ ಓದು ಏನೆಂದು ತಿಳಿಯೋಣ. ಧರ್ಮಸಭೆಯ ಪದ್ಧತಿಯಲ್ಲಿ ದೈವಶಾಸ್ತ್ರದ ಮೊದಲ ಪದವಿಯಾದ ಮೇಲೆ ಸುಮಾರು ಎರಡು ವರ್ಷಗಳ ಲೈಸೆನ್ಷಿಯೇಟ್, ಅದರ ಮೇಲೆ ಡಾಕ್ಟರೇಟ್ ಇದೆ. ಪ್ರೇಷಿತಕಾರ್ಯದ ಅಧ್ಯಯನ ಮಾಡುವವರು ಪವಿತ್ರ ಗ್ರಂಥದ ಜೊತೆಗೆ ಧರ್ಮಪ್ರಚಾರದ ಇತಿಹಾಸ, ಇತರ ಧರ್ಮಗಳು, ಜನರ ಆಚಾರವಿಚಾರ, ಭಾಷೆ, ಜಾನಪದ ಇವನ್ನೆಲ್ಲ ಓದಬೇಕಾಗುತ್ತದೆ. ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆಂದೇ 1932ರಲ್ಲಿ ಒಂದು ವಿಭಾಗ ಆರಂಭವಾಯಿತು. ನಮ್ಮ ಬೆಂಗಳೂರಿನಲ್ಲೇ ದೈವಶಾಸ್ತ್ರದ ಉನ್ನತ ಅಧ್ಯಯನಕ್ಕೆ ಮಲ್ಲೇಶ್ವರದ ಸಂತ ಪೇತ್ರರ ಗುರುಮಠವಿದೆ, ಧರ್ಮಾರಾಮ್ ವಿದ್ಯಾಕ್ಷೇತ್ರವಿದೆ. ಪ್ರೊಟೆಸ್ಟೆಂಟ್ ಸಹೋದರರ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ನಡೆಯುತ್ತಿದೆ.

ಇದೇನೂ ಪಂಡಿತರ ಹವ್ಯಾಸವಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪ್ರೇಷಿತಕಾರ್ಯದ ಆದೇಶಪತ್ರವು ಒಂದು ನಾಡಿಗೆ ಹೋಗುವವರು ಆ ನಾಡಿನ ಭಾಷೆ, ಇತಿಹಾಸ, ಧರ್ಮ, ಸಂಪ್ರದಾಯಗಳನ್ನು ಗೌರವದಿಂದ ಕಲಿತಿರಬೇಕೆಂದು ಹೇಳುತ್ತದೆ. ಅದೇ ಪತ್ರ ಮತ್ತೊಂದು ಮಾತನ್ನೂ ಹೇಳುತ್ತದೆ: ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ಎಳೆಯಬಾರದು. ಅದೇ ದಿನ ಪ್ರಕಟವಾದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ಬಡವರ ಮತ್ತು ಓದುಬರಹ ಬಾರದವರ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರವಿರಬೇಕೆನ್ನುತ್ತದೆ.

ಆದರೂ ಹೊರಗಿನವರಿಗೆ ಒಂದು ಸಂಶಯವಿದೆ. ಅದನ್ನು ನಾವು ಮುಚ್ಚಿಡಬಾರದು. “ನೀವು ನಮ್ಮ ಹಬ್ಬ, ನಮ್ಮ ಹಾಡು, ನಮ್ಮ ದೇವರನ್ನೆಲ್ಲ ಕಲಿಯುವುದು ನಮ್ಮ ಮೇಲಿನ ಪ್ರೀತಿಯಿಂದಲೋ, ಅಥವಾ ಗಾಳ ಹಾಕುವವನು ನೀರಿನ ಆಳ ನೋಡಿದ ಹಾಗೋ?” ಈ ಪ್ರಶ್ನೆ ಕಟುವಾಗಿದೆ. ಆದರೆ ನ್ಯಾಯವಾದ ಪ್ರಶ್ನೆ.

ನಮ್ಮ ಜಿಲ್ಲೆಯವರು ಇದನ್ನು ಮರೆಯುವಂತಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಆಗಿನ ಶಾಸಕರು ವಿಧಾನಸಭೆಯಲ್ಲಿ ಎದ್ದು ನಿಂತು, ತಮ್ಮ ತಾಯಿಯೇ ಮತಾಂತರಗೊಂಡಿದ್ದಾರೆ, ಹಣೆಗೆ ಕುಂಕುಮ ಇಡುತ್ತಿಲ್ಲ ಎಂದು ನೋವಿನಿಂದ ಹೇಳಿಕೊಂಡರು. ಆ ಮಾತು ನಾಡಿನಾದ್ಯಂತ ಚರ್ಚೆಯಾಯಿತು. ತಾಲ್ಲೂಕಿನಲ್ಲಿ ಅಧಿಕಾರಿಗಳು ವಿಚಾರಣೆ ನಡೆಸಿದರು. ಬಲವಂತದ ಮತಾಂತರ ಕಂಡುಬಂದಿಲ್ಲವೆಂದು ತಹಶೀಲ್ದಾರರು ವರದಿ ಕೊಟ್ಟರೆಂದು ಪತ್ರಿಕೆಗಳಲ್ಲಿ ಬಂತು. ಅದೇ ಡಿಸೆಂಬರ್‌ನಲ್ಲಿ ಮತಾಂತರ ನಿಷೇಧದ ಮಸೂದೆಯನ್ನು ವಿಧಾನಸಭೆ ಅಂಗೀಕರಿಸಿತು. 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನ್‌ನಲ್ಲಿ ಹೊಸ ಸಚಿವ ಸಂಪುಟ ಅದನ್ನು ರದ್ದುಗೊಳಿಸಲು ತೀರ್ಮಾನಿಸಿತು.

ಆ ದಿನಗಳಲ್ಲಿ ನಾವು ಏನು ಮಾತನಾಡಿದೆವು? ಸಂವಿಧಾನದ 25ನೆಯ ವಿಧಿಯ ಬಗ್ಗೆ ಮಾತನಾಡಿದೆವು, ನಮ್ಮ ಹಕ್ಕಿನ ಬಗ್ಗೆ ಮಾತನಾಡಿದೆವು. ಅದು ಸರಿಯೇ. ಆತ್ಮಸಾಕ್ಷಿಯ ಸ್ವಾತಂತ್ರ್ಯ ಪ್ರತಿಯೊಬ್ಬರದು. ವಯಸ್ಸಾದ ತಾಯಿಗೂ ತನ್ನ ದೇವರನ್ನು ತಾನೇ ಹುಡುಕಿಕೊಳ್ಳುವ ಹಕ್ಕಿದೆ, ಅದನ್ನು ಮಗನೂ ಸರ್ಕಾರವೂ ಕಿತ್ತುಕೊಳ್ಳಲಾಗದು. ಆದರೆ ನಮ್ಮಲ್ಲಿ ಎಷ್ಟು ಜನ ಆ ಮಗನ ದುಃಖವನ್ನು ಒಂದು ಗಳಿಗೆ ನಿಂತು ಯೋಚಿಸಿದೆವು? ರಾಜಕೀಯವನ್ನು ಬದಿಗಿಡಿ. ಅಮ್ಮನ ಹಣೆಯ ಕುಂಕುಮ ಅಂದರೆ ಒಬ್ಬ ಮಗನಿಗೆ ಏನು? ಅದು ಬಾಲ್ಯದ ಮನೆ, ಹಬ್ಬದ ದಿನದ ಅಡಿಗೆ, ಹಿರಿಯರ ನೆನಪು. ನಮ್ಮ ಮನೆಯ ಮಗನೋ ಮಗಳೋ ನಾಳೆ ಕೊರಳಿನ ಶಿಲುಬೆಯನ್ನು ತೆಗೆದಿಟ್ಟರೆ ನಮ್ಮ ಕರುಳು ಹೇಗೆ ಚುರ್ರೆನ್ನುತ್ತದೆ! ಅವರ ಕರುಳೂ ಹಾಗೆಯೇ.

ತಾಯಿಯ ಸ್ವಾತಂತ್ರ್ಯವೂ ನಿಜ, ಮಗನ ನೋವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯಬಲ್ಲವನೇ ಪ್ರೇಷಿತ. ಹುಮ್ಮಸ್ಸು ಮಾತ್ರ ಇದ್ದವನಿಗೆ ಒಂದೇ ಕಾಣುತ್ತದೆ. ಕುಂಕುಮವನ್ನು ಅಳಿಸು ಎಂದು ಹೇಳುವುದಕ್ಕೆ ಓದು ಬೇಕಿಲ್ಲ. ಕುಂಕುಮ ಆ ಮನೆಗೆ ಏನೆಂದು ಅರಿತು, ಅಳಿಸು ಎನ್ನುವ ನಾಲಿಗೆಯನ್ನು ತಡೆದುಕೊಳ್ಳುವುದಕ್ಕೆ ಓದು ಬೇಕು.

ಇತಿಹಾಸದಿಂದ ಇಬ್ಬರನ್ನು ನೆನೆಯೋಣ. ಫ್ರೆಂಚ್ ಗುರು ದ್ಯುಬುವಾ ಸ್ವಾಮಿಯವರು 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಮೈಸೂರು ಸೀಮೆಗೆ ಬಂದರು. ನಮ್ಮವರಂತೆ ಉಟ್ಟರು, ನಮ್ಮವರಂತೆ ಉಂಡರು. ಸಿಡುಬಿನ ವಿರುದ್ಧ ಜನರಿಗೆ ಚುಚ್ಚುಮದ್ದು ಹಾಕಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆದರು. ಹಿಂದೂಗಳ ಆಚಾರವಿಚಾರಗಳ ಬಗ್ಗೆ ಅವರ ಹೆಸರಿನಲ್ಲಿ ಹೊರಬಂದ ಗ್ರಂಥದ ಹಸ್ತಪ್ರತಿಯನ್ನು ಕಂಪನಿ ಸರ್ಕಾರ ಕೊಂಡುಕೊಂಡಿತು, 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು. ಅದರ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಕೊರ್ದೂ ಎಂಬ ಗುರುವಿನ ಬರಹದಿಂದ ಬಂದದ್ದೆಂದು ವಿದ್ವಾಂಸರು ಈಗ ತೋರಿಸಿದ್ದಾರೆ. 1823ರಲ್ಲಿ ದ್ಯುಬುವಾ ಈ ದೇಶದವರನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂಬ ನಿರಾಶೆಯಿಂದ ಮರಳಿ ಹೋದರು. ಅವರ ಸೇವೆ ದೊಡ್ಡದು, ಅದನ್ನು ಹೀಗಳೆಯಲಾರೆ. ಆದರೆ ಅಷ್ಟು ತಿಳಿದವರೂ ಎಷ್ಟು ಮಂದಿ ಬಂದರೆಂದು ಲೆಕ್ಕ ಹಾಕಿದಾಗ ಕೈ ಬರಿದಾಗಿ ಕಂಡಿತು.

ಇನ್ನೊಬ್ಬರು ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್. 1853ರಲ್ಲಿ ಬಂದ ಅವರು ಕನ್ನಡವನ್ನು ಕಲಿತರು, ಹಳಗನ್ನಡ ಕಾವ್ಯಗಳನ್ನು ಓದಿದರು, ಛಂದಸ್ಸನ್ನು ಅರಿತರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಪ್ರಕಟವಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಗಮನಿಸಿ: ಮೊದಲು ಕಲಿಕೆ, ಆಮೇಲೆ ಪದವಿ! ಅವರು ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟರೆಂದು ಇಂದು ಯಾರೂ ಕೇಳುವುದಿಲ್ಲ. ಅವರ ನಿಘಂಟನ್ನು ಮಾತ್ರ ಎಲ್ಲ ಧರ್ಮದ ಕನ್ನಡಿಗರೂ ತಮ್ಮದೆನ್ನುತ್ತಾರೆ. ಆ ಕಲಿಕೆ ಗಾಳವಾಗಿ ಉಳಿಯದೆ ಈ ನಾಡಿಗೆ ಕೊಟ್ಟ ಕಾಣಿಕೆಯಾಯಿತು.

ಹಾಗಾದರೆ ಗಾಳವನ್ನೂ ಗೌರವವನ್ನೂ ಬೇರೆ ಮಾಡಿ ತಿಳಿಯುವುದು ಹೇಗೆ? ನನಗೆ ತೋಚಿದ ಮೂರು ಪರೀಕ್ಷೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ನೀನು ಅವರ ಬಗ್ಗೆ ಬರೆದುಕೊಂಡದ್ದನ್ನು ಅವರ ಮುಂದೆಯೇ ಓದಿ ಹೇಳಬಲ್ಲೆಯಾ? ಓದುವಾಗ ನಾಚಿಕೆಯೆನಿಸಿದರೆ ಅದು ಸ್ನೇಹಿತನ ಬರಹವಲ್ಲ, ಗೂಢಚಾರನ ಬರಹ.

ಎರಡನೆಯದು: ಒಬ್ಬರೂ ನಿನ್ನ ಕಡೆಗೆ ಬರದಿದ್ದರೂ ಅವರ ಕಾಯಿಲೆ, ಕಸಾಲೆ, ಶಾಲೆ, ನೀರಿನ ತೊಂದರೆಗಳಿಗೆ ಜೊತೆ ನಿಲ್ಲುವೆಯಾ?

ಮೂರನೆಯದು: ಅವರಿಂದ ಕಲಿತು ನೀನು ಬದಲಾಗಲು ಸಿದ್ಧನಿದ್ದೀಯಾ? ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ ಅಧ್ಯಾಯವನ್ನು ಈ ವಾರ ಮನೆಯಲ್ಲಿ ಓದಿ ನೋಡಿ. ಪೇತ್ರನು ಕೊರ್ನೇಲಿಯನ ಮನೆಗೆ ಕಲಿಸಲು ಹೋದ. ಆದರೆ ಮೊದಲು ಪಾಠ ಕಲಿತವನು ಪೇತ್ರನೇ. ಯಾವ ಮನುಷ್ಯನನ್ನೂ ಮೈಲಿಗೆ ಎನ್ನಬಾರದೆಂದು ದೇವರು ಅವನಿಗೆ ತೋರಿಸಿದರು. ಗಾಳ ಹಾಕುವವನು ಮೀನಿನ ಬಗ್ಗೆ ಎಷ್ಟು ತಿಳಿದರೂ ತಾನು ಬದಲಾಗುವುದಿಲ್ಲ. ಶಿಷ್ಯನಾದರೋ ಬದಲಾಗುತ್ತಾನೆ.

“ಹಾಗಾದರೆ ಅವರ ಎಲ್ಲ ಆಚಾರಕ್ಕೂ ತಲೆ ಆಡಿಸಬೇಕೇ?” ಎಂದು ನೀವು ಕೇಳಬಹುದು. ಇಲ್ಲ. ಹಿರಿಯೂರು, ಹೊಸದುರ್ಗ ಕಡೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹೆರಿಗೆಯಾದ ಬಾಣಂತಿಯನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಎಳೆಗೂಸು ಚಳಿಯಲ್ಲಿ ನಡುಗುವಾಗ ಸಂಸ್ಕೃತಿಯ ಗೌರವವೆಂದು ಸುಮ್ಮನಿರುವುದು ಪಾಪ. ಆದರೆ ಹಟ್ಟಿಯ ಮಧ್ಯೆ ನಿಂತು ಬೈದು ಬಂದರೆ ಆ ಬಾಣಂತಿಗೆ ಏನು ಸಿಕ್ಕಿತು? ನಮ್ಮ ಜೀಪು ಹೊರಟ ಮೇಲೆ ಆಕೆ ಮತ್ತೆ ಅದೇ ಗುಡಿಸಲಿನಲ್ಲಿ. ಆ ರೂಢಿಯ ಹಿಂದೆ ಇರುವ ದೇವರ ಭಯವನ್ನು ಅರಿತವಳು, ಜುಂಜಪ್ಪನ ಕಥೆಯನ್ನು ಕೂತು ಕೇಳಿದವಳು, ಹಟ್ಟಿಯ ಅಜ್ಜಿಯರ ವಿಶ್ವಾಸ ಗಳಿಸಿದವಳು ಮಾತ್ರ ಮುಂದೊಂದು ದಿನ, “ಅಜ್ಜೀ, ಮಗು ಒಳಗಿದ್ದರೆ ದೇವರು ಮುನಿಯುತ್ತಾನೆಯೇ?” ಎಂದು ಕೇಳಬಲ್ಲಳು. ಆ ಪ್ರಶ್ನೆಗೆ ಆಗ ಉತ್ತರ ಬರುತ್ತದೆ. ಹಟ್ಟಿಯ ಒಳಗಿನಿಂದಲೇ ಬರುತ್ತದೆ. ಗೌರವವೆಂದರೆ ಮೌನವಲ್ಲ, ಮಾತನಾಡುವ ಹಕ್ಕನ್ನು ಸಂಪಾದಿಸುವುದು.

ಇದಕ್ಕೆ ಕಾಲ ಬೇಕು. ನಮ್ಮ ಮಾರಿಕಣಿವೆಯನ್ನೇ ನೋಡಿ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ತೊಡಗಿದ ಆ ಜಲಾಶಯದ ಕೆಲಸ 1907ರಲ್ಲಿ ಮುಗಿಯಿತು. ತುಂಬಿ ಕೋಡಿ ಹರಿದದ್ದು 1933ರಲ್ಲಿ, ಮತ್ತೆ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ನಡುವಿನ ವರ್ಷಗಳಲ್ಲಿ ಅದು ವ್ಯರ್ಥವಾಗಿತ್ತೇ? ಕೋಡಿ ಹರಿಯದಿದ್ದರೂ ತೋಟಗಳಿಗೆ ನೀರು ಕೊಟ್ಟಿತು, ಊರುಗಳ ಬಾಯಾರಿಕೆ ತಣಿಸಿತು. ಪ್ರೇಷಿತಕಾರ್ಯವೂ ಹಾಗೆಯೇ. ಕೋಡಿ ಹರಿಸುವುದು ದೇವರ ಕೆಲಸ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಅಮ್ಮಾ, ಪ್ರೀತಿಸಲು ಪದವಿ ಬೇಡ. ನೀವೇ ಅದಕ್ಕೆ ಸಾಕ್ಷಿ. ಶ್ರಾವಣದಲ್ಲಿ ಪಕ್ಕದ ಮನೆಗೆ ಏನು ಕೊಡಬಾರದು, ಯಾರ ಮನೆಯ ಸೂತಕಕ್ಕೆ ಹೇಗೆ ಹೋಗಬೇಕು, ಉಪವಾಸದ ತಿಂಗಳಲ್ಲಿ ಮುಸ್ಲಿಮ್ ಗೆಳತಿಯ ಮುಂದೆ ಹೇಗಿರಬೇಕು ಎಂಬುದು ನಿಮಗೆ ಗೊತ್ತು. ಯಾವ ಗುರುಮಠವೂ ಇದನ್ನು ನಿಮಗೆ ಕಲಿಸಲಿಲ್ಲ, ಒಂದೇ ಬೀದಿಯ ಬಾಳ್ವೆ ಕಲಿಸಿತು. ಆದರೆ ನಿಮ್ಮ ಮಗಳು ಹೋಗಬೇಕಾದದ್ದು ನಿಮಗೆ ಪರಿಚಯವಿರುವ ಬೀದಿಗಲ್ಲ. ಪರಿಚಯವಿಲ್ಲದ ಹಟ್ಟಿಗೆ, ತಾಂಡಾಕ್ಕೆ, ಸಂಶಯದಿಂದ ನೋಡುವ ಕಣ್ಣುಗಳ ನಡುವೆಗೆ. ಅಲ್ಲಿ ಪ್ರೀತಿಗೆ ಕಣ್ಣು ಬೇಕು. ಓದು ಆ ಕಣ್ಣನ್ನು ತೆರೆಸಬಹುದು. ಅವಳನ್ನು ಕಳುಹಿಸಿ. ಆದರೆ ಕಳುಹಿಸುವ ಮುನ್ನ ನೀವು ಬಲ್ಲದ್ದನ್ನೆಲ್ಲ ಅವಳಿಗೆ ಹೇಳಿಕೊಡಿ. ಅವಳ ಮೊದಲ ಪ್ರಾಧ್ಯಾಪಕಿ ನೀವೇ.

ಓದುಗರೇ, ನಿಮ್ಮ ಮನೆಯಿಂದ ಮೂರನೆಯ ಮನೆಯವರ ಹಬ್ಬ ಯಾವುದು, ಅವರ ಮನೆದೇವರು ಯಾರು, ಅವರ ಈ ವರ್ಷದ ಕಷ್ಟವೇನು? ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಈ ವಾರ ಹೋಗಿ ಅವರ ಜಗಲಿಯ ಮೇಲೆ ಕುಳಿತು ಕೇಳಿ. ಏನನ್ನೂ ಮಾರಲು ಹೋಗಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ನಮ್ಮ ಓದು ಅಲ್ಲಿಂದಲೇ ಪ್ರಾರಂಭವಾಗಲಿ.