ಬಲಿತ ಮರವು ಬಾಗೀತೆ?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಎರಡು ಸಂದರ್ಭಗಳಲ್ಲಿ ಆಡುವುದುಂಟು. ಮಗುವನ್ನು ದಂಡಿಸುವಾಗ ಒಂದು. ಕುಡಿತಕ್ಕೋ ಜೂಜಿಗೋ ಬಿದ್ದ ಬೆಳೆದ ಮಗನನ್ನು ಇನ್ನು ತಿದ್ದಲಾಗದೆಂದು ಕೈಬಿಡುವಾಗ ಇನ್ನೊಂದು. ಮೊದಲನೆಯದು ಹೇಗೋ ಇರಲಿ, ಎರಡನೆಯದರಿಂದ ಒಬ್ಬ ಮನುಷ್ಯನ ಬಾಳೇ ತೀರ್ಮಾನವಾಗಿಬಿಡುತ್ತದೆ. ಆದುದರಿಂದ ಗಾದೆಯು ಮರದ ವಿಷಯದಲ್ಲಾದರೂ ನಿಜವೇ ಎಂದು ವಿಚಾರಿಸುವುದು ಯುಕ್ತವಾಗಿದೆ.

ರೈನ್ ನದೀತೀರದ ಬೊಪ್ಪಾರ್ಡ್ ಎಂಬ ಊರಿನಲ್ಲಿ 1796ರಲ್ಲಿ ಜನಿಸಿದ ಮಿಖಾಯೆಲ್ ಟೋನೆಟ್ ಎಂಬಾತನು ಮೊದಲು ತೆಳುವಾದ ಪಟ್ಟಿಗಳನ್ನು ಅಂಟಿನಿಂದ ಕೂಡಿಸಿ ಬಾಗಿಸುತ್ತಿದ್ದನು. ವಿಯೆನ್ನಾ ನಗರದಲ್ಲಿ ನೆಲಸಿದ ಮೇಲೆ ಬೀಚ್ ಮರದ ಇಡಿಯ ಕೋಲನ್ನೇ ಬಾಗಿಸುವುದನ್ನು ಸಾಧಿಸಿ, 1856ರಲ್ಲಿ ಅದಕ್ಕೆ ಸನ್ನದು ಪಡೆದನು. 1859ರ ಅವನ 14ನೆಯ ನಮೂನೆಯ ಕುರ್ಚಿ ಲೋಕಪ್ರಸಿದ್ಧವಾಯಿತು. ಕಡಿದು ಕೊಯ್ದ ಬಲಿತ ಮರವದು, ಗಿಡವಲ್ಲ.

ಅದು ಬಾಗಿದ್ದಾದರೂ ಹೇಗೆ? ಮರದ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತುವು, ತೇವವಿದ್ದರೆ, ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೃದುವಾಗುತ್ತದೆ. ಒಂದಂಗುಲ ದಪ್ಪಕ್ಕೆ ಒಂದು ಗಂಟೆಯ ಹಬೆ ಎಂಬುದು ಬಡಗಿಗಳ ರೂಢಿಯ ಲೆಕ್ಕ. ತಣಿಯುವ ಮುನ್ನ ಅಚ್ಚಿಗೆ ಬಾಗಿಸಬೇಕು. ಆಗಲೂ ಒಂದು ತೊಡಕುಂಟು. ಬಾಗುವಾಗ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗಬೇಕಾಗುತ್ತದೆ. ಹಬೆಯಲ್ಲಿ ಬೆಂದ ಮರವು ಕುಗ್ಗಲು ಬಹುಮಟ್ಟಿಗೆ ಒಪ್ಪುತ್ತದೆ. ಹಿಗ್ಗುವುದಕ್ಕಾದರೋ ನೂರಕ್ಕೆ ಒಂದೆರಡು ಪಾಲು ಮೀರಿದರೆ ಸೀಳಿಬಿಡುತ್ತದೆ. ಟೋನೆಟ್ಟನು ಹೊರಮೈಗೆ ಕಬ್ಬಿಣದ ಪಟ್ಟಿಯನ್ನು ಬಿಗಿದು ಆ ಎಳೆತವನ್ನು ತಡೆದನು. ಅವನ ಜಾಣ್ಮೆಯೆಲ್ಲ ಈ ಪಟ್ಟಿಯಲ್ಲಿಯೇ ಇದೆಯೆಂದು ನನ್ನೆಣಿಕೆ.

ದಾರಿತಪ್ಪಿದ ಮಗನಿಗೆ ನಾವು ಮಾಡುವುದೇನು? ನಾಲ್ವರೆದುರು ಬೈಗುಳ, ಊಟದ ವೇಳೆಯಲ್ಲಿ ಮೌನ. ಒಣಮರವನ್ನು ಮೊಣಕಾಲಿಗೊತ್ತಿ ಬಗ್ಗಿಸಿ, ಮುರಿದಾಗ ಗಾದೆಯೇ ಗೆದ್ದಿತೆನ್ನುತ್ತೇವೆ. ಕಾವೆಲ್ಲಿ ಕೊಟ್ಟೆವು? ಆಸರೆಯ ಪಟ್ಟಿಯನ್ನೆಲ್ಲಿ ಕಟ್ಟಿದೆವು?

ಮರಕ್ಕೆ ಇಚ್ಛೆಯಿಲ್ಲ, ಮನುಷ್ಯನಿಗುಂಟು. ಅವನೊಪ್ಪದೆ ನಮ್ಮ ಅಚ್ಚಿಗೆ ಬಗ್ಗಿಸುವ ಅಧಿಕಾರ ನಮಗೆಲ್ಲಿಯದು ಎಂದು ವಾಚಕರು ಕೇಳಬಹುದು. ಆಕ್ಷೇಪವು ಸರಿಯಾದುದೇ. ಕುರ್ಚಿ ಬೇಕಾದುದು ಬಡಗಿಗೆ, ಮರಕ್ಕಲ್ಲ. ಆದರೆ ತಾನೇ ಬದಲಾಗಬೇಕೆಂದು ಬಾಗಿಲಿಗೆ ಬಂದು ನಿಂತವನನ್ನೂ ಇದೇ ಗಾದೆ ಹೇಳಿ ಕಳುಹಿಸುವವರಿದ್ದಾರಲ್ಲ!

ಇನ್ನೊಂದು ಸಂಗತಿ. ಬಾಗಿಸಿದ ಮರವನ್ನು ಒಣಗುವವರೆಗೆ ಅಚ್ಚಿನಲ್ಲಿಯೇ ಬಿಗಿದಿಡುತ್ತಾರೆ. ಬಿಡಿಸಿದ ಮೇಲೂ ಅದು ತುಸು ಹಿಂದಕ್ಕೆ ಬಿಚ್ಚಿಕೊಳ್ಳುವುದುಂಟು. ಬಡಗಿಯು ಅದನ್ನು ಮರದ ದ್ರೋಹವೆನ್ನುವುದಿಲ್ಲ. ಮೊದಲೇ ಎಣಿಸಿ ಅಚ್ಚಿನ ಬಾಗನ್ನು ತುಸು ಹೆಚ್ಚಾಗಿಯೇ ಇಟ್ಟಿರುತ್ತಾನೆ. ಆರು ತಿಂಗಳು ಕುಡಿತವನ್ನು ಬಿಟ್ಟಿದ್ದು ಒಂದು ಸಂಜೆ ಎಡವಿ ಬಂದವನ ಮನೆಯವರು ಈ ಲೆಕ್ಕವನ್ನು ಬಲ್ಲವರಾಗಿದ್ದರೆ ಆ ರಾತ್ರಿ ಕದವಿಕ್ಕುತ್ತಿದ್ದರೆ?